ಬೋರ್ಡಿನಲ್ಲಿ ಇಲ್ಲದ ಊಟ

ಡಿಸೆಂಬರ್ ಬಂತೆಂದರೆ ಸಾಕು, ಘಟ್ಟದ ಮೇಲಿನ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಬನವಾಸಿಯ ಮಧುಕೇಶ್ವರ, ಶಿರಸಿಯ ಮಾರಿಕಾಂಬೆ, ಶಾಲ್ಮಲೆಯ ಸಹಸ್ರಲಿಂಗ, ಯಲ್ಲಾಪುರದ ಮಾಗೋಡು, ಸಿದ್ದಾಪುರ ದಾಟಿದರೆ ಜೋಗ. ಊರಿಗೆ ಮರಳಿದ ಮಕ್ಕಳು ಪ್ರವಾಸದ ಬಗ್ಗೆ ಪ್ರಬಂಧ ಬರೆಯುತ್ತಾರೆ. ಜೋಗದ ಎತ್ತರ 253 ಮೀಟರ್, ಬನವಾಸಿ ಕದಂಬರ ರಾಜಧಾನಿ, ಎಲ್ಲವೂ ಸರಿಯಾಗಿಯೇ ಇರುತ್ತದೆ. ಶಿರಸಿಯಲ್ಲಿ ಏನು ತಿಂದಿರಿ ಎಂದು ಕೇಳಿ ನೋಡಿ. ಗೋಬಿ ಮಂಚೂರಿ ಎನ್ನುತ್ತಾರೆ.

ಗೋಬಿ ಮಂಚೂರಿಯನ್ನು ಬೈಯುವ ಉದ್ದೇಶ ಇಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಅದಕ್ಕೆ ಬಳಿಯುತ್ತಿದ್ದ ಕೃತಕ ಬಣ್ಣವನ್ನು ನಿಷೇಧಿಸಿದ ಮೇಲೆ ಪಾಪ, ಅದರ ಮುಖವೂ ಸ್ವಲ್ಪ ಬಿಳಿಚಿಕೊಂಡಿದೆ. ಆದರೆ ದಾವಣಗೆರೆಯಲ್ಲೂ ತುಮಕೂರಿನಲ್ಲೂ ಸಿಗುವ ತಿಂಡಿಯನ್ನು ತಿನ್ನಲು ಮುನ್ನೂರು ನಾನೂರು ಕಿಲೋಮೀಟರು ಬರಬೇಕಾಗಿತ್ತೆ? ನೋಡುವುದಕ್ಕೆ ಪಟ್ಟಿ ಮಾಡಿಕೊಂಡು ಬರುವ ನಾವು ನೀವೆಲ್ಲ ತಿನ್ನುವುದನ್ನು ಮಾತ್ರ ಬಸ್ ನಿಂತ ಜಾಗಕ್ಕೆ ಬಿಟ್ಟುಬಿಡುತ್ತೇವೆ. ಮಕ್ಕಳ ಹೊಟ್ಟೆ ಕೆಡದಿರಲಿ ಎಂದು ತಂದೆ ತಾಯಿ ಪರಿಚಯದ ತಿಂಡಿಯನ್ನೇ ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ಹಾಗೆ ಹುಡುಕುತ್ತ ಒಂದು ಸೀಮೆಯ ಅಡುಗೆಮನೆಯ ಬಾಗಿಲ ಮುಂದೆಯೇ ಹಾದುಹೋದದ್ದು ಗೊತ್ತಾಗುವುದಿಲ್ಲ, ಅಷ್ಟೆ.

ಇನ್ನು ಕೆಲವರು ಬೇರೆ ಬಗೆಯವರು. ಎಲ್ಲಿಗೆ ಹೋದರೂ ಆ ಊರಿನದೇ ರುಚಿ ನೋಡಬೇಕೆಂಬ ಹಂಬಲ ಅವರದು. ಶಿರಸಿಯ ಪೇಟೆಯಲ್ಲಿ ಇಳಿದು ಒಳ್ಳೆಯ ಹೋಟೆಲೊಂದನ್ನು ಹೊಕ್ಕು, 'ಇಲ್ಲಿಯ ಸ್ಪೆಷಲ್ ಏನು?' ಎಂದು ಕೇಳುತ್ತಾರೆ. ಮಾಣಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಮಸಾಲೆ ದೋಸೆ, ಸೆಟ್ ದೋಸೆ, ಪೂರಿ, ಬನ್ಸ್, ಮಿಸಳ್, ಪಾವ್‌ಭಾಜಿ. ಮಲೆನಾಡಿನ ತಂಬುಳಿ, ಅಪ್ಪೆಹುಳಿಯ ಬಗ್ಗೆ ಎಲ್ಲೋ ಓದಿಕೊಂಡು ಬಂದವರ ಮುಖ ಸಣ್ಣದಾಗುತ್ತದೆ. ಶಿರಸಿಯಲ್ಲೂ ಶಿರಸಿಯ ಊಟ ಸಿಗುವುದಿಲ್ಲವಲ್ಲ ಎಂದು ಗೊಣಗಿಕೊಂಡು ದೋಸೆ ತಿಂದು ಎದ್ದು ಹೋಗುತ್ತಾರೆ.

ಇದು ಹೋಟೆಲಿನವನ ಕೊರತೆಯಲ್ಲ. ಹೋಟೆಲು ಯಾರಿಗಾಗಿ ಇದೆ ಎಂಬುದನ್ನು ಗಮನಿಸಿದರೆ ಗುಟ್ಟು ಬಿಡುತ್ತದೆ. ಶಿರಸಿ ಅಡಿಕೆಯ ಪೇಟೆ. ಇಲ್ಲಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಊರವರ ಬಾಯಲ್ಲಿ ಟಿ.ಎಸ್.ಎಸ್., 1923ರಷ್ಟು ಹಳೆಯದು. ಸುತ್ತಲಿನ ಹಳ್ಳಿಗಳಿಂದ ಅಡಿಕೆ, ಕಾಳುಮೆಣಸು, ಏಲಕ್ಕಿ ತಂದವರು, ಬ್ಯಾಂಕಿಗೆ, ತಾಲೂಕು ಕಚೇರಿಗೆ, ದವಾಖಾನೆಗೆ ಬಂದವರು, ಇವರೇ ಶಿರಸಿಯ ಹೋಟೆಲುಗಳ ಕಾಯಂ ಗಿರಾಕಿಗಳು. ಮನೆಯಲ್ಲಿ ದಿನವೂ ಒಂದೆಲಗದ ತಂಬುಳಿ ಉಣ್ಣುವ ಮನುಷ್ಯ ಪೇಟೆಗೆ ಬಂದ ದಿನ ತಂಬುಳಿಗೆ ಯಾಕೆ ದುಡ್ಡು ಕೊಡುತ್ತಾನೆ? ಅವನಿಗೆ ಬೇಕಾದದ್ದು ಮನೆಯಲ್ಲಿ ಇಲ್ಲದ್ದು. ಗರಿಗರಿಯಾದ ಮಸಾಲೆ ದೋಸೆ, ಮೇಲೊಂದು ಸ್ಟ್ರಾಂಗ್ ಚಹ. ಹೊರಗಿನಿಂದ ಬಂದವನು ಹಂಬಲಿಸುವುದು ಊರವನ ಮನೆಯ ಊಟಕ್ಕೆ. ಊರವನು ಹಂಬಲಿಸುವುದು ಹೊರಗಿನ ತಿಂಡಿಗೆ. ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತು ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ.

ನಮ್ಮ ಹೋಟೆಲುಗಳ ಕಥೆಯೇ ಹೀಗೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಆರಂಭವಾಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಹೆಸರೇ ಹೇಳುವಂತೆ ಹತ್ತಿರದ ಶಾಲೆ ಕಾಲೇಜುಗಳ ಹುಡುಗರೇ ಅದರ ಮೊದಲ ಗಿರಾಕಿಗಳು. ಎರಡನ್ನೂ ಕಟ್ಟಿದವರು ಕರಾವಳಿಯಿಂದ ಬಂದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಮಾವಳ್ಳಿಯ ಅಡುಗೆಮನೆ. ಅಂದರೆ ಇಂದು 'ಬೆಂಗಳೂರಿನ ತಿಂಡಿ' ಎಂದು ನಾವು ಮೆರೆಸುವುದು ಬೆಂಗಳೂರಿನ ಮನೆಗಳಿಂದ ಬಂದದ್ದಲ್ಲ. ಮನೆ ಬಿಟ್ಟು ಬಂದವರಿಗಾಗಿ, ಮನೆ ಬಿಟ್ಟು ಬಂದವರೇ ಕಂಡುಕೊಂಡದ್ದು.

ಹಾಗಾಗಿ ಶಿರಸಿಯ ಬನ್ಸು, ಮಿಸಳುಗಳನ್ನು ಕಡೆಗಣಿಸುವ ಮುನ್ನ ಸ್ವಲ್ಪ ನಿಲ್ಲಬೇಕು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಸುಮಾರು ತೊಂಬತ್ತು ವರ್ಷಗಳ ಆ ನಂಟನ್ನು ಕಾಗದಪತ್ರದಲ್ಲೇ ಹುಡುಕಬೇಕಾಗಿಲ್ಲ, ಮಿಸಳಿನ ಬಟ್ಟಲಲ್ಲೂ ಅದರ ಖಾರ ಇದೆ. ಮಾಗಿದ ಬಾಳೆಹಣ್ಣನ್ನು ಮೈದಾಹಿಟ್ಟಿಗೆ ಕಿವುಚಿ, ಹುಳಿ ಬರಿಸಿ, ಉಬ್ಬಿಸಿ ಕರಿದ ಬನ್ಸು ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು. ಬೆಳಗಿನ ಎಂಟು ಗಂಟೆಗೆ ಶಿರಸಿಯ ಹಳೆಯ ಹೋಟೆಲಿನ ಮೂಲೆಯಲ್ಲಿ ಕೂತು ಬಿಸಿ ಬನ್ಸನ್ನು ಮುರಿದರೆ, ಬಾಳೆಹಣ್ಣಿನ ವಾಸನೆಯ ಆವಿ ಮೂಗಿಗೆ ಬಡಿಯುತ್ತದೆ. ಇದೂ ಶಿರಸಿಯ ರುಚಿಯೇ. ಚಹ, ಕಾಫಿಯ ಜೊತೆಗೆ ಅನೇಕ ಕಡೆ 'ಕಷಾಯ'ವೂ ಉಂಟು. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಮನೆಯ ಒಲೆಯಿಂದ ಹೋಟೆಲಿನ ಗಲ್ಲಾಪೆಟ್ಟಿಗೆಯವರೆಗೆ ಬಂದ ಕೆಲವೇ ಪದಾರ್ಥಗಳಲ್ಲಿ ಇದೊಂದು. ಬೇರೆ ಊರುಗಳಲ್ಲಿ ಕಷಾಯ ಕೇಳಿದರೆ ಜ್ವರ ಬಂದಿದೆಯೇ ಎಂದು ವಿಚಾರಿಸುತ್ತಾರೆ.

ಹಾಗಾದರೆ ಮನೆಯಲ್ಲಿ ಉಳಿದುಬಿಟ್ಟದ್ದು ಏನು? ಮೊದಲು ತಂಬುಳಿಯನ್ನೇ ನೋಡೋಣ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಬಿಲ್ವದ ಚಿಗುರು, ನೆಲ್ಲಿಕಾಯಿ, ಕೊನೆಗೆ ದಾಳಿಂಬೆಯ ಸಿಪ್ಪೆ, ಯಾವುದಾದರೂ ಆದೀತು. ಸೊಪ್ಪನ್ನು ಚೂರು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಒಲೆಯ ಮೇಲೆ ಕುದಿಸುವುದಿಲ್ಲ. ಊಟದ ಮೊದಲ ತುತ್ತು ಅನ್ನ ಇದರೊಂದಿಗೆ. ಯಾವ ಕಾಲಕ್ಕೆ ಯಾವ ಸೊಪ್ಪು, ಯಾರ ಮೈಗೆ ಯಾವುದು ಹಿಡಿಸುತ್ತದೆ ಎಂಬ ಲೆಕ್ಕ ಮನೆಯ ಹಿರಿಯ ಹೆಂಗಸರ ಬಾಯಲ್ಲಿರುತ್ತದೆ.

ಈ ಸೊಪ್ಪು ಬರುವುದು ಹಿತ್ತಲಿನಿಂದ, ತೋಟದ ಅಂಚಿನಿಂದ, ಸೊಪ್ಪಿನ ಬೆಟ್ಟದಿಂದ. ಸೊಪ್ಪಿನ ಬೆಟ್ಟ ಎಂಬುದು ಈ ಸೀಮೆಗೇ ವಿಶೇಷವಾದ ಏರ್ಪಾಡು. ಅಡಿಕೆ ತೋಟಕ್ಕೆ ಹಸಿ ಸೊಪ್ಪು, ದರಕು ಬೇಕು ಎಂದು ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಬಳಕೆಯ ಹಕ್ಕು ಕೊಟ್ಟಿದ್ದರು. ಶಿರಸಿ ಸಮೀಪದ ಕಾಡಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಹಳ್ಳಿಗರು ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದರಲ್ಲ, ಆ ಅಪ್ಪಿಕೋ ಚಳವಳಿಯನ್ನು ಪಠ್ಯದಲ್ಲಿ ಓದುವ ಮಕ್ಕಳಿಗೆ ಇದೊಂದು ವಿವರವನ್ನೂ ಸೇರಿಸಿ ಹೇಳಬಹುದು: ಅವರಿಗೆ ಕಾಡೆಂದರೆ ಬರೀ ಗಾಳಿ, ನೀರು ಅಲ್ಲ, ತೋಟದ ಗೊಬ್ಬರವೂ ಊಟದ ಎಲೆಯ ಮೇಲಿನ ಪದಾರ್ಥವೂ ಹೌದು.

ಇನ್ನು ಅಪ್ಪೆಹುಳಿ. ಹುಳಿ ಮಾವಿನಕಾಯಿ ಬೇಯಿಸಿ ಹಿಂಡಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟದ್ದು. ಮಾವು ಇಲ್ಲದ ಕಾಲದಲ್ಲಿ ಲಿಂಬೆಯಿಂದಲೂ ಕಂಚಿಕಾಯಿಯಿಂದಲೂ ಮಾಡುತ್ತಾರೆ. ಕಣ್ಣಿಗೆ ತಿಳಿನೀರು, ನಾಲಿಗೆಗೆ ಸಿಡಿಲು. ಅಪ್ಪೆ ಎಂಬ ಮಾವಿನ ತಳಿಯೇ ಬೇರೆ. ಹೊಳೆ, ಹಳ್ಳಗಳ ದಂಡೆಯಲ್ಲಿ ತಾನೇ ಬೆಳೆದ ಮರಗಳು. ಇವುಗಳ ಎಳೆಯ ಮಿಡಿಯ ಸೊನೆಗೆ ಒಂದೊಂದು ಮರದಲ್ಲಿ ಒಂದೊಂದು ಪರಿಮಳ, ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಕರ್ಪೂರ. ಉಪ್ಪಿನಲ್ಲಿ ಬಿದ್ದ ಮಿಡಿ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುವುದೂ ಆ ಸೊನೆಯ ದಯೆಯಿಂದ. ಇದರ ಹಿಂದೆ ಮೆಣಸ್ಕಾಯಿ, ಸಾಸಿವೆ, ಕೆಸುವಿನ ಎಲೆಯ ಕರಕಲಿ, ಮಳೆಗಾಲಕ್ಕೆ ಕಳಲೆ, ಬೇಸಿಗೆಗೆ ಮುರುಗಲು ಪಾನಕ. ಬನವಾಸಿಯ ಕಡೆ ಅನಾನಸು ಹೇರಳವಾಗಿ ಬೆಳೆಯುವುದರಿಂದ ಅನಾನಸಿನ ಮೆಣಸ್ಕಾಯಿಯೂ ಪಂಕ್ತಿಗೆ ಬಂದು ಕೂತಿದೆ. ಸಿಹಿ, ಹುಳಿ, ಖಾರ ಮೂರೂ ಒಂದೇ ತುತ್ತಿನಲ್ಲಿ ಜಗಳವಾಡುವ ಪದಾರ್ಥ ಅದು. ಮಕ್ಕಳಿಗೆ ಮೊದಲು ಹಿಡಿಸುವುದೂ ಅದೇ.

ಇಷ್ಟೆಲ್ಲ ಇದ್ದೂ ಹೋಟೆಲಿಗೆ ಯಾಕೆ ಬರಲಿಲ್ಲ? ಊರವರು ಕೇಳುವುದಿಲ್ಲ ಎಂಬುದು ಒಂದು ಕಾರಣ. ಎರಡನೆಯದು ಒಲೆಯ ಲೆಕ್ಕ. ಬೆಳಿಗ್ಗೆ ಒಂದು ಪಾತ್ರೆ ಸಾಂಬಾರು ಕುದಿಸಿಟ್ಟರೆ ಅದು ಮಧ್ಯಾಹ್ನದವರೆಗೂ ಬರುತ್ತದೆ, ಗಿರಾಕಿ ಹೆಚ್ಚಾದರೆ ಬಿಸಿನೀರು ಸೇರಿಸಿ ಇನ್ನೊಂದು ಕುದಿ ಬರಿಸಬಹುದು. ತಂಬುಳಿಯನ್ನು ಕುದಿಸುವಂತಿಲ್ಲ, ಒಲೆಯ ಬದಿಯಲ್ಲಿಟ್ಟರೆ ಎರಡು ತಾಸಿನಲ್ಲಿ ಹುಳಿಯುತ್ತದೆ. ಹತ್ತು ಜನಕ್ಕೆ ಅರೆದದ್ದು ಇಪ್ಪತ್ತು ಜನಕ್ಕೆ ಸಾಲದು, ಐದೇ ಜನ ಬಂದರೆ ಉಳಿದದ್ದು ಚೆಲ್ಲಬೇಕು. ಸೊಪ್ಪು ಮಾರುಕಟ್ಟೆಯಲ್ಲಿ ಕಿಲೋಗಟ್ಟಲೆ ಸಿಗುವ ವಸ್ತುವೂ ಅಲ್ಲ, ಯಾರಾದರೂ ಬಗ್ಗಿ ಚಿವುಟಿ ತರಬೇಕು. ಮೂರನೆಯದು ಸಂಕೋಚ. ನೀರಿನಂತಿರುವ ಅಪ್ಪೆಹುಳಿಗೆ ದುಡ್ಡು ಕೇಳುವುದು ಹೇಗೆ? ಮನೆಗೆ ಬಂದವರನ್ನು 'ಆಸರಿಗೆ ಎಂತಾ ಅಡ್ಡಿಲ್ಲೆ?' ಎಂದು ಕೇಳಿ, ಕೊಡುವುದನ್ನು ಕೊಟ್ಟ ಮೇಲೆಯೇ ಕೂರಿಸಿ ಮಾತಾಡಿಸುವ ಸೀಮೆ ಇದು. ಮನೆಯಲ್ಲಿ ಪುಕ್ಕಟೆ ಬಡಿಸಿದ್ದಕ್ಕೆ ಪೇಟೆಯಲ್ಲಿ ಬಿಲ್ಲು ಬರೆಯುವುದು ಬಹುಕಾಲ ಯಾರ ಕೈಗೂ ಬರಲಿಲ್ಲ.

ಈಗ ಆ ಸಂಕೋಚ ನಿಧಾನವಾಗಿ ಬಿಡುತ್ತಿದೆ. ಹಳ್ಳಿಗಳ ಅಡಿಕೆ ತೋಟದ ಮನೆಗಳಲ್ಲಿ ಅನೇಕ ಕಡೆ ಹೋಮ್‌ಸ್ಟೇ ಬಂದಿವೆ. ಪೇಟೆಯ ಕೆಲವು ಊಟದ ಹೋಟೆಲುಗಳಲ್ಲಿ ಬಾಳೆಎಲೆಯ ಮೇಲೆ ಒಂದು ತಂಬುಳಿ, ಒಂದು ಲೋಟ ಅಪ್ಪೆಹುಳಿ ಕಾಣಿಸಿಕೊಳ್ಳುತ್ತಿದೆ. ಆದರೆ ಬೋರ್ಡಿನಲ್ಲಿ ಅದರ ಹೆಸರು ಇರುವುದು ಅಪರೂಪ. ಬೋರ್ಡು ಬರೆಸುವುದು ವರ್ಷಕ್ಕೊಮ್ಮೆ, ಸೊಪ್ಪು ಬದಲಾಗುವುದು ವಾರಕ್ಕೊಮ್ಮೆ. ಅದಕ್ಕೇ 'ಸ್ಪೆಷಲ್ ಏನು?' ಎಂದು ಕೇಳಬಾರದು. 'ಇವತ್ತು ಊಟಕ್ಕೆ ಏನು ಮಾಡಿದ್ದೀರಿ?' ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಮಾಣಿ ಬಾಯಿಪಾಠ ಒಪ್ಪಿಸುತ್ತಾನೆ. ಎರಡನೆಯದಕ್ಕೆ ಅವನು ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡು ಬರಬೇಕಾಗುತ್ತದೆ. ಒಳಗೆ ಹೋಗಿ ಬಂದನೆಂದರೆ ಅರ್ಧ ಗೆದ್ದಂತೆ.

ಫ್ರಾನ್ಸಿನ ಮಿಶೆಲಿನ್ ಎಂಬ ಟೈರು ಕಂಪನಿ 1900ರಲ್ಲಿ ಮೋಟಾರು ಪ್ರಯಾಣಿಕರಿಗೆಂದು ಒಂದು ಕೈಪಿಡಿ ಹೊರತಂದಿತು. ಜನ ಕಾರಿನಲ್ಲಿ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬುದು ವ್ಯಾಪಾರದ ಯೋಚನೆ. 1926ರಿಂದ ಅದರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿದರು. ಇಂದಿಗೂ ಮೂರು ನಕ್ಷತ್ರ ಎಂದರೆ ಅದೊಂದಕ್ಕಾಗಿಯೇ ಪ್ರಯಾಣ ಹೊರಡಬಹುದು ಎಂದರ್ಥ. ಈಗ ಎಲ್ಲರ ಕಿಸೆಯಲ್ಲೂ ಫೋನಿದೆ, ಅದರ ತುಂಬ ನಕ್ಷತ್ರಗಳಿವೆ. ಆದರೆ ಮೂರು ತಾಲೂಕುಗಳ ಒಳರಸ್ತೆಗಳಲ್ಲಿ ಅನೇಕ ಕಡೆ ಸಿಗ್ನಲ್ ಇಲ್ಲ, ಹೆಂಚಿನ ಮಾಡಿನ ಕೆಳಗೆ ನಾಲ್ಕು ಬೆಂಚು ಹಾಕಿಕೊಂಡ ಹೋಟೆಲಿಗೆ ಫೋನಿನಲ್ಲಿ ಹೆಸರೂ ಇರುವುದಿಲ್ಲ. ಅಂಥ ಕಡೆ ನಕ್ಷತ್ರಗಳನ್ನು ಕಣ್ಣಿನಿಂದಲೇ ಎಣಿಸಬೇಕು. ಹೊರಗೆ ನಿಂತ ಬೈಕುಗಳು ಊರಿನವೋ ಪರವೂರಿನವೋ? ಒಳಗೆ ಕೂತವರು ಮಾಲೀಕನನ್ನು ಹೆಸರು ಹಿಡಿದು ಕರೆಯುತ್ತಾರೋ? ಹಿತ್ತಲ ಬಾಗಿಲಿನಿಂದ ಹಾಲಿನ ಕ್ಯಾನು ಬರುತ್ತದೋ ಪ್ಯಾಕೆಟ್ಟೋ? ಅಡುಗೆ ಮಾಡುವವರು ಮನೆಯವರೇ ಆಗಿದ್ದರೆ, ಅವರ ಮನೆ ಹೋಟೆಲಿನ ಹಿಂಬದಿಯಲ್ಲೇ ಇದ್ದರೆ, ನಿಶ್ಚಿಂತೆಯಿಂದ ಕೂತುಬಿಡಬಹುದು. ನೀರಿನ ಬಗ್ಗೆ ಅಂಜಿಕೆ ಇದ್ದವರು ಕುದಿಸಿದ ನೀರು ಕೇಳಿದರೆ ಸಿಟ್ಟು ಮಾಡಿಕೊಳ್ಳುವವರು ಈ ಕಡೆ ಇಲ್ಲ.

ಹೊತ್ತು ಮಾತ್ರ ಮುಖ್ಯ. ಇಲ್ಲಿ ಊಟವೆಂದರೆ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗೆ. ಜಲಪಾತದಲ್ಲಿ ಮನದಣಿಯೆ ಆಡಿ ಮೂರೂವರೆಗೆ ಹಸಿದು ಬಂದವರಿಗೆ ಭಜೆ, ಚಹ ಬಿಟ್ಟರೆ ಬೇರೆ ಗತಿ ಇಲ್ಲ. ಉಂಚಳ್ಳಿಗೋ ಸಾತೊಡ್ಡಿಗೋ ಹೋಗುವವರು ಬೆಳಿಗ್ಗೆಯೇ ಪೇಟೆಯ ಹೋಟೆಲಿನಲ್ಲೋ ದಾರಿಯ ಹಳ್ಳಿಯಲ್ಲೋ ಇಷ್ಟು ಜನ ಇಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿ ಹೋಗುವುದು ಜಾಣತನ. ಹೇಳಿ ಹೋದವರಿಗಾಗಿ ಯಾರೋ ಸೊಪ್ಪು ಚಿವುಟಿ ತರುತ್ತಾರೆ. ಮೇಲೆ ಹೇಳಿದ ತಂಬುಳಿಯ ಲೆಕ್ಕದ ತೊಡಕು ಇಷ್ಟರಿಂದಲೇ ಬಗೆಹರಿಯುತ್ತದೆ: ಹತ್ತು ಜನ ಎಂದು ಗೊತ್ತಿದ್ದರೆ ಹತ್ತು ಜನಕ್ಕೇ ಅರೆಯಬಹುದು.

ಯಲ್ಲಾಪುರದ ರೀತಿ ಸ್ವಲ್ಪ ಬೇರೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಹಿಂದೆ ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಕಾರವಾರ, ಬೇಲೆಕೇರಿ ಬಂದರುಗಳಿಗೆ ಹಗಲಿರುಳು ಇದೇ ದಾರಿಯಲ್ಲಿ ಓಡುತ್ತಿದ್ದವು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿದ ಮೇಲೆ ಆ ಸಾಲು ಕರಗಿತು. ಹೆದ್ದಾರಿಯ ಹೋಟೆಲಿಗೆ ಕೂತು ಉಣ್ಣುವ ಪುರುಸೊತ್ತಿನ ಗಿರಾಕಿ ಬೇಕಿಲ್ಲ, ಹತ್ತು ನಿಮಿಷದಲ್ಲಿ ತಿಂದು ಏಳುವವನು ಬೇಕು. ಅದಕ್ಕೆ ತಕ್ಕಂತೆ ರೊಟ್ಟಿ, ಪಲ್ಯ, ಚಪಾತಿ, ಅನ್ನ ಸಾರು. ಬಯಲುಸೀಮೆಯ ಜೋಳದ ರೊಟ್ಟಿಯೂ ಕರಾವಳಿಯ ಕುಚಲಕ್ಕಿ ಅನ್ನವೂ ಒಂದೇ ಅಡುಗೆಮನೆಯಿಂದ ಬರುವ ಊರುಗಳು ಹೆಚ್ಚಿಲ್ಲ. ಅರಬೈಲ್ ಘಟ್ಟ ಹತ್ತಿ ಅಂಕೋಲೆಯ ಮೀನು ಬರುವುದೂ ಇದೇ ರಸ್ತೆಯಲ್ಲಿ. ಮೀನೂಟ ಉಣ್ಣುವವರಿಗೆ ಯಲ್ಲಾಪುರ ನಿರಾಸೆ ಮಾಡುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಿರಸಿ ಸೀಮೆಯ ಊಟ ಎಂದ ಕೂಡಲೇ ಹವ್ಯಕರ ಪಂಕ್ತಿಯನ್ನಷ್ಟೇ ವರ್ಣಿಸುವುದು ಬರೆಯುವವರ ಹಳೆಯ ಚಾಳಿ. ಈ ಮೂರು ತಾಲೂಕುಗಳಲ್ಲಿ ನಾಮಧಾರಿಗಳಿದ್ದಾರೆ, ಕರೆ ಒಕ್ಕಲಿಗರಿದ್ದಾರೆ, ಕುಣಬಿಗಳಿದ್ದಾರೆ, ಗೌಳಿಗರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಸಂತತಿಯಾದ ಸಿದ್ದಿಗಳಿದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ತಂಬುಳಿಗಾದರೂ ಈಗ ಎಲೆಯ ಮೇಲೊಂದು ಮೂಲೆ ಸಿಕ್ಕಿದೆ. ಇವರೆಲ್ಲರ ಮನೆಗಳ ಗೆಡ್ಡೆ ಗೆಣಸು, ಹೊಳೆ ಮೀನು, ಕಾಡು ಸೊಪ್ಪಿನ ಅಡುಗೆ ಪೇಟೆಯ ಹೋಟೆಲಿನಲ್ಲಿ ಇನ್ನೂ ಕಾಣಸಿಗುವುದೇ ಅಪರೂಪ. ಹೋಟೆಲುಗಳ ಪಟ್ಟಿ ಹಿಡಿದು ಒಂದು ಸೀಮೆಯ ಊಟವನ್ನು ಅಳೆಯಲು ಹೊರಟವರಿಗೆ ಇಷ್ಟು ಎಚ್ಚರ ಇರಲಿ.

ಸಿದ್ದಾಪುರ ಚಿಕ್ಕ ಪೇಟೆ. ಜೋಗಕ್ಕೆ ಹೋಗುವವರು ಅಲ್ಲಿ ಬಸ್ಸು ಬದಲಿಸುತ್ತಾರೆ, ಚಹ ಕುಡಿಯುತ್ತಾರೆ, ಹೋಗುತ್ತಾರೆ. ಜನವರಿ ಕಳೆದ ಮೇಲೆ ಬಂದವರು ಮಾತ್ರ ಹಾಗೆ ಹೋಗಬಾರದು. ಅದು ಆಲೆಮನೆಯ ಕಾಲ. ಕಬ್ಬು ಅರೆಯುವ ಗಾಣದ ಬಳಿ ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಇಲ್ಲಿ ಹಾಲು ಎಂದರೆ ಕಬ್ಬಿನ ರಸ ಎಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು. ಲೋಟಗಟ್ಟಲೆ ಕಬ್ಬಿನ ಹಾಲು ಕುಡಿದು, ಸಿಹಿ ಮುಖಕ್ಕೆ ಹೊಡೆದಾಗ ಮಂಡಕ್ಕಿ, ಮೆಣಸಿನಕಾಯಿ ಭಜೆ ತಿಂದು, ಮತ್ತೆ ಕುಡಿಯುವುದು ರೂಢಿ. ಇತ್ತೀಚಿನ ವರ್ಷಗಳಲ್ಲಿ ಟಿಕೆಟ್ಟು ಇಟ್ಟು 'ಆಲೆಮನೆ ಹಬ್ಬ' ನಡೆಸುವುದೂ ಉಂಟು. ಅದು ಹೋಟೆಲಲ್ಲ, ಆದರೂ ಯಾವ ಹೋಟೆಲಿಗೂ ಕಡಿಮೆಯಲ್ಲ.

ತೊಡದೇವಿನ ಹೂರಣವೂ ಈ ಗಾಣದ ಬುಡದಲ್ಲೇ ಇದೆ. ಅಕ್ಕಿಯನ್ನು ನುಣ್ಣಗೆ ಅರೆದು, ಕಬ್ಬಿನ ಹಾಲಿನಲ್ಲಿ ಅಥವಾ ಜೋನಿಬೆಲ್ಲದಲ್ಲಿ ತೆಳ್ಳಗೆ ಕಲಸಿ, ಉರಿಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆಯ ಬೆನ್ನಿಗೆ ಕೋಲಿಗೆ ಸುತ್ತಿದ ಬಟ್ಟೆಯಿಂದ ಒಮ್ಮೆ ಎಳೆಯುತ್ತಾರೆ. ತೊಡೆಯುವುದು ಎಂದರೆ ಬಳಿಯುವುದು, ತೊಡದೇವು ಎಂಬ ಹೆಸರು ಅದರಿಂದಲೇ. ಕಾಗದಕ್ಕಿಂತ ತೆಳುವಾದ ಹಾಳೆ ಎದ್ದು ಬರುತ್ತದೆ. ಬಿಸಿ ಆರುವುದರೊಳಗೆ ತ್ರಿಕೋನವಾಗಿ ಮಡಿಸಬೇಕು, ಒಂದು ಕ್ಷಣ ತಡವಾದರೆ ಮುರಿಯುತ್ತದೆ. ನೋಡಲು ಹತ್ತು ನಿಮಿಷದ ಕೆಲಸ, ಕಲಿಯಲು ವರ್ಷಗಳೇ ಬೇಕು. ತುಪ್ಪ, ಬಿಸಿ ಹಾಲಿನ ಜೊತೆ ತಿನ್ನುತ್ತಾರೆ. ತಿಂಗಳುಗಟ್ಟಲೆ ಕೆಡದೆ ಇರುವುದರಿಂದ ಪ್ರವಾಸಿಗರು ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ಶಿರಸಿಯ ಅಂಗಡಿಗಳಲ್ಲಿ ತೊಡದೇವು, ಹಲಸಿನ ಹಪ್ಪಳ, ಕಷಾಯದ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಸಿಗುತ್ತವೆ. ಹಲವು ಹಳ್ಳಿಗಳ ಹೆಂಗಸರು ಮನೆಯಲ್ಲೇ ಮಾಡಿ ಮಾರಾಟಕ್ಕೆ ಕೊಟ್ಟದ್ದು. ಚೌಕಾಸಿ ಮಾಡುವ ಮುನ್ನ ಆ ಗಡಿಗೆಯ ಮುಂದೆ ಕೂತವರ ಬೆನ್ನನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇದೆಲ್ಲ ಎಷ್ಟು ದಿನ? ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿ ದಶಕ ದಾಟಿತು, ಶಿರಸಿ ಅಡಿಕೆಗೂ 2019ರಲ್ಲಿ ಸಿಕ್ಕಿತು. ಮನ್ನಣೆ ಬಂದ ಮೇಲೆ ಬೆಲೆ ಏರಿದೆ. ಬೆಲೆ ಏರಿದ ಮೇಲೆ ಮಿಡಿ ಕೊಯ್ಯುವವರ ಅವಸರವೂ ಏರಿದೆ. ಮರ ಹತ್ತಿ ಒಂದೊಂದಾಗಿ ಬಿಡಿಸುವ ಬದಲು ಟೊಂಗೆಯನ್ನೇ ಕಡಿದು ಕೆಡವುತ್ತಾರೆ. ಕಡಿದ ಟೊಂಗೆ ಮರುವರ್ಷ ಮಿಡಿ ಬಿಡುವುದಿಲ್ಲ. ಒಳ್ಳೆಯ ಜಾತಿಯ ಕಸಿ ಗಿಡಗಳನ್ನು ಮನೆ ತೋಟದಲ್ಲಿ ನೆಟ್ಟು ಬೆಳೆಸುವ ರೈತರು ಇದ್ದಾರೆ, ಅದೇ ಸಮಾಧಾನ.

ಮರಕ್ಕಾದರೂ ಕಸಿ ಕಟ್ಟಬಹುದು. ಸೊಪ್ಪಿನ ಹೆಸರು ಬಲ್ಲ ಅಜ್ಜಿಗೆ ಕಸಿ ಕಟ್ಟುವುದು ಹೇಗೆ? ಈ ತಾಲೂಕುಗಳ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ಮುದುಕರು. ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ಓದಿಗೆ, ಕೆಲಸಕ್ಕೆ ಹೋದವರನ್ನು ದೂರುವಂತಿಲ್ಲ. ಮಕ್ಕಳು ಓದಿ ಮುಂದೆ ಬರಲಿ ಎಂದು ಅಡಿಕೆ ಮಾರಿ ಕಳಿಸಿದವರು ಇದೇ ಮುದುಕರು. ಆದರೆ ಹುಬ್ಬಳ್ಳಿ ಧಾರವಾಡದ ಹಾಸ್ಟೆಲುಗಳಲ್ಲಿ ಊರಿನಿಂದ ಬಂದ ಅಪ್ಪೆಮಿಡಿಯ ಭರಣಿಯನ್ನು ಗೆಳೆಯರ ಮುಂದೆ ತೆಗೆಯಲು ನಾಚುವ ಹುಡುಗ, ಹತ್ತು ವರ್ಷದ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಅದೇ ಭರಣಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾನೆ. ಆ ಹೊತ್ತಿಗೆ ಅಜ್ಜಿ ಇರುವುದಿಲ್ಲ. ಹೋಟೆಲಿನ ಅಡುಗೆಯವರ ಕಥೆಯೂ ಹೀಗೆಯೇ. ಸಣ್ಣ ಹೋಟೆಲು ನಡೆಸುವವರ ಮಗ ಇಂಜಿನಿಯರಾಗಿ ಊರು ಬಿಟ್ಟರೆ, ಅಪ್ಪನ ಕೈಲಾಗುವವರೆಗೆ ಒಲೆ ಉರಿಯುತ್ತದೆ, ಆಮೇಲೆ ಬಾಗಿಲು. ಅದೇ ಜಾಗದಲ್ಲಿ ಮೊಬೈಲು ಅಂಗಡಿ ಬಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ.

ಹಾಗಾಗಿ ಹೊರಗಿನಿಂದ ಬಂದವನ ಒಂದು ಎಲೆ ಊಟಕ್ಕೂ ಇಲ್ಲಿ ತೂಕ ಇದೆ. ಊರವನು ಕೇಳದ ತಂಬುಳಿಯನ್ನು ಪರವೂರಿನವನು ಕೇಳುತ್ತಾನೆ, ದುಡ್ಡು ಕೊಡುತ್ತಾನೆ, ಇನ್ನೊಂದು ಸಲ ಬಡಿಸಿಕೊಳ್ಳುತ್ತಾನೆ ಎಂದು ಗೊತ್ತಾದರೆ ಅಡುಗೆಯವರು ನಾಳೆಯೂ ಸೊಪ್ಪು ಚಿವುಟುತ್ತಾರೆ. ಶಾಲಾ ಪ್ರವಾಸ ಕರೆತರುವ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಮೂರು ದಿನದಲ್ಲಿ ಒಂದು ಮಧ್ಯಾಹ್ನದ ಊಟವನ್ನು ಮೊದಲೇ ಹೇಳಿಟ್ಟು ಇಂಥ ಕಡೆ ಏರ್ಪಡಿಸಿ, ಎಲೆಯ ಮೇಲೆ ಬಿದ್ದ ಪ್ರತಿ ಪದಾರ್ಥದ ಹೆಸರು, ಅದು ಯಾವ ಗಿಡದ್ದು, ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದನ್ನು ಬಡಿಸುವವರನ್ನೇ ಕೇಳಿ ಬರೆದುಕೊಳ್ಳಲು ಮಕ್ಕಳಿಗೆ ಹೇಳಬಹುದು. ಜೋಗದ ಎತ್ತರ ಯಾವ ಪುಸ್ತಕದಲ್ಲೂ ಸಿಗುತ್ತದೆ, ಇದು ಸಿಗುವುದಿಲ್ಲ. ಎಲ್ಲ ಮಕ್ಕಳಿಗೂ ರುಚಿಸುತ್ತದೆ ಎಂದೇನಿಲ್ಲ. ಒಂದೆಲಗದ ಹಸಿರು ಕಂಡು ಮುಖ ಕಿವುಚುವವರು ಇದ್ದೇ ಇರುತ್ತಾರೆ. ಅಂಥವರಿಗೆ ಅನಾನಸಿನ ಮೆಣಸ್ಕಾಯಿ ಬಡಿಸಿ ಸುಮ್ಮನಿದ್ದರೆ ಸಾಕು, ಪಕ್ಕದವನು ಉಣ್ಣುವುದನ್ನು ನೋಡಿ ತಾವೇ ಕೈ ಹಾಕುತ್ತಾರೆ.

ಗಾಡಿ ಓಡಿಸುವವರಿಗೆ ಮಾತ್ರ ಒಂದು ಸೂಚನೆ. ಅಪ್ಪೆಹುಳಿಗೆ ನಿದ್ದೆ ತರಿಸುವ ಗುಣವಿದೆ ಎಂದು ಊರವರೇ ಹೇಳುತ್ತಾರೆ. ಅದು ಹುಳಿಯ ಗುಣವೋ ಅದರ ನೆಪದಲ್ಲಿ ಹೆಚ್ಚಾಗಿ ಇಳಿದ ಅನ್ನದ ಗುಣವೋ, ಅಂತೂ ದೇವಿಮನೆ ಘಟ್ಟದ ತಿರುವುಗಳಿಗೆ ಅದು ಒಳ್ಳೆಯ ಜೊತೆಯಲ್ಲ. ಒಂದು ಲೋಟಕ್ಕೆ ನಿಲ್ಲಿಸಲಾಗದವರು ಹೋಟೆಲಿನ ಜಗಲಿಯ ಬೆಂಚನ್ನು ತೋರಿಸಿ ಕೇಳಿಕೊಳ್ಳಲಿ. ಮೂರರಿಂದ ನಾಲ್ಕರವರೆಗೆ ಅದು ಹೇಗೂ ಖಾಲಿ ಇರುತ್ತದೆ. ಎದ್ದ ಮೇಲೆ ಕಷಾಯ ಕುಡಿದು ಹೊರಟರಾಯಿತು.